ತಮ್ಮನ ಜೊತೆ ಹದಿನಾಲ್ಕು ವಾರ

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯ ಮಂಚದ ಮೇಲೆ ಅಷ್ಟು ನೋವಿನಲ್ಲೂ ಅವಳು ಮೊದಲು ಕೇಳಿದ್ದು, "ಅವನ ಹತ್ತಿರ ಯಾರಿದ್ದಾರೆ?" ಅಂತ. ಅವನು ಅಂದರೆ ನನ್ನ ತಮ್ಮ. ಈಗ 27 ವರ್ಷ. ಅಷ್ಟೂ ವರ್ಷ ಅವನನ್ನು ಎತ್ತಿ ಇಳಿಸಿ, ತಿನ್ನಿಸಿ, ಸ್ನಾನ ಮಾಡಿಸಿ, ಮಲಗಿಸಿದ್ದು ಅಮ್ಮ ಒಬ್ಬಳೇ. ಆಪರೇಷನ್ ಆದಮೇಲೆ ಅವಳನ್ನು ಮೆಟ್ಟಿಲಿಲ್ಲದ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದರು. ನಾನು ಕೆಲಸಕ್ಕೆ ರಜೆ ಹಾಕಿ ತಮ್ಮನ ಹತ್ತಿರ ಬಂದೆ. ಮೂರು ತಿಂಗಳು ತಾನೇ, ಹೇಗೋ ಆಗುತ್ತೆ ಅಂದುಕೊಂಡೆ. ಸ್ವಂತ ತಮ್ಮ, ನನಗೆ ಗೊತ್ತಿಲ್ಲದವನಾ?

28 ವಾರಕ್ಕೇ ಹುಟ್ಟಿದವನು. ಆಗ ಮಿದುಳಿಗೆ ಆದ ಪೆಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ತಾನಾಗಿ ಕೂರಲಾರ. ಕಿವಿ ಜಾಸ್ತಿ ಕೇಳುವುದಿಲ್ಲ. ಕಣ್ಣಿಗೆ ಏನೂ ಆಗಿಲ್ಲ, ಆದರೆ ಕಣ್ಣು ಕಳಿಸಿದ್ದನ್ನು ಮಿದುಳು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಆಗಾಗ ಫಿಟ್ಸ್. ಮಾತಿಲ್ಲ. ಯಾರು ಕೇಳಿದರೂ ನಾನು ಇಷ್ಟನ್ನೂ ಬಾಯಿಪಾಠದ ಹಾಗೆ ಒಪ್ಪಿಸುತ್ತಿದ್ದೆ. ಈ ಪಟ್ಟಿ ಗೊತ್ತಿದ್ದರೆ ತಮ್ಮ ಗೊತ್ತಿದ್ದ ಹಾಗೆ ಅಂತ ನಂಬಿದ್ದೆ.

ಮೊದಲ ಮೂರು ವಾರ ಅವನು ಕಿರುಚಿದ. ಸ್ನಾನಕ್ಕೆ ಎತ್ತಿದರೆ ಕಿರುಚಾಟ, ಬಟ್ಟೆ ಹಾಕಲು ಹೋದರೆ ಮೈಯೆಲ್ಲ ಹಲಗೆಯ ಹಾಗೆ ಸೆಟೆದುಕೊಳ್ಳುವುದು, ಊಟದ ಚಮಚ ತುಟಿಗೆ ತಾಗಿದರೆ ತಲೆ ಅತ್ತ. ನನ್ನ ಮಣಿಕಟ್ಟು ಸಿಕ್ಕಿದರೆ ಸಾಕು, ಉಗುರಿನಿಂದ ಕೆರೆಯುತ್ತಿದ್ದ. ಬಲಗೈ ಮಣಿಕಟ್ಟಿನ ತುಂಬ ಗೀರು. ನನ್ನ ಮೇಲೆ ಸಿಟ್ಟು ಅವನಿಗೆ ಅಂದುಕೊಂಡೆ. ರಾತ್ರಿ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೂ ಉಂಟು.

ನಾನು ಮಾಡುತ್ತಿದ್ದದ್ದರಲ್ಲಿ ತಪ್ಪೇನಿದೆ ಅಂತ ಆಗ ನಿಜಕ್ಕೂ ಕಾಣುತ್ತಿರಲಿಲ್ಲ. ಹೊತ್ತುಹೊತ್ತಿಗೆ ಊಟ, ಶುಚಿಯಾದ ಬಟ್ಟೆ, ಒಂದೇ ಮಗ್ಗುಲಲ್ಲಿ ಮಲಗಿ ಹುಣ್ಣಾಗದಿರಲಿ ಅಂತ ಎರಡು ಗಂಟೆಗೊಮ್ಮೆ ಹೊರಳಿಸುವುದು, ಮಾತ್ರೆಗೆ ಅಲಾರಂ. ಎಲ್ಲ ಚುರುಕಾಗಿ ಮಾಡುತ್ತಿದ್ದೆ. ಬೇಗ ಮುಗಿಸಿದರೆ ಅವನಿಗೂ ಕಷ್ಟ ಕಡಿಮೆ ಅಲ್ವಾ ಅನ್ನುವುದು ನನ್ನ ಲೆಕ್ಕ.

ನಾಲ್ಕನೇ ವಾರ ಕಿರುಚಾಟ ಇನ್ನೂ ಏರಿತು. ರಾತ್ರಿ ನಿದ್ದೆ ಇಲ್ಲ, ತಲೆಯನ್ನು ದಿಂಬಿಗೆ ಚಚ್ಚಿಕೊಳ್ಳುತ್ತಾನೆ. ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವನನ್ನು ನೋಡಿದ್ದಕ್ಕಿಂತ ಅವನ ಫೈಲ್ ನೋಡಿದ್ದು ಜಾಸ್ತಿ. "ಇಂಥವರಿಗೆ ಇದೆಲ್ಲ ಇದ್ದದ್ದೇ. ತಾಯಿ ಇಲ್ಲ ಅಂತ ಹಠ ಮಾಡ್ತಿದ್ದಾನೆ" ಅಂದು ಮಂಪರು ಬರುವ ಔಷಧಿ ಬರೆದರು. ತಂದು ಕೊಟ್ಟೆ. ಎರಡು ದಿನ ಅವನು ಕಣ್ಣು ಬಿಡದೆ ಬಿದ್ದುಕೊಂಡ. ಎಚ್ಚರವಾದಾಗ ಮತ್ತೆ ಅದೇ. ಕೊನೆಗೆ ಬಾಯಿ ಒರೆಸುವಾಗ ಎಡಗಡೆ ದವಡೆ ಮುಟ್ಟಿದರೆ ಮಾತ್ರ ಬೆಚ್ಚುತ್ತಾನೆ ಅಂತ ನನಗೇ ಹೊಳೆಯಿತು. ಹಲ್ಲಿನ ಡಾಕ್ಟರು ಟಾರ್ಚ್ ಹಾಕಿ ನೋಡಿದರು. ದವಡೆ ಹಲ್ಲಿನ ಬುಡದಲ್ಲಿ ಕೀವು. ನಮ್ಮಲ್ಲಿ ಯಾರಿಗಾದರೂ ಹಾಗಾಗಿದ್ದರೆ ಮೊದಲನೇ ದಿನವೇ ಗಲ್ಲ ಹಿಡಿದುಕೊಂಡು ಓಡುತ್ತಿದ್ದೆವು.

ಮಾತಿಲ್ಲದವರ ಯಾವ ನೋವನ್ನೂ ಹೀಗೆ ಅಂಗವೈಕಲ್ಯದ ಖಾತೆಗೆ ಬರೆದುಬಿಡುವುದು ಎಲ್ಲ ಕಡೆಯೂ ಇರುವ ಚಾಳಿ ಅಂತ ಆಮೇಲೆ ಗೊತ್ತಾಯಿತು. ಇದ್ದಕ್ಕಿದ್ದ ಹಾಗೆ ನಡವಳಿಕೆ ಬದಲಾದರೆ ಮೊದಲು ಮೈ ನೋಡಬೇಕು. ಹಲ್ಲು, ಕಿವಿ, ಮಲಬದ್ಧತೆ, ಎದೆಗೆ ಏರುವ ಹುಳಿ, ಮೂತ್ರದ ಸೋಂಕು, ಸೊಂಟದ ಕೀಲು. ಇವನ ಹಾಗೆ ಕಾಲಮೇಲೆ ನಿಲ್ಲದವರಿಗೆ ಸೊಂಟದ ಕೀಲು ನಿಧಾನಕ್ಕೆ ಜಾರಿಹೋಗುವುದು ಸಾಮಾನ್ಯವಂತೆ. ಹಠ ಅನ್ನುವ ಪದವನ್ನು ಇದೆಲ್ಲ ನೋಡಿ ಮುಗಿದಮೇಲೆ ಬಳಸಲಿ. ಆ ಡಾಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಔಷಧಿ ಕುಡಿಸಿದ ನನ್ನ ಮೇಲೂ ಇದೆ.

ಹಲ್ಲು ಕಿತ್ತಮೇಲೆ ರಾತ್ರಿ ನಿದ್ದೆ ಬಂತು. ಸ್ನಾನದ ಹೊತ್ತಿನ ಕಿರುಚಾಟ, ಮಣಿಕಟ್ಟು ಕೆರೆಯುವುದು ಮಾತ್ರ ಹಾಗೇ ಉಳಿದವು.

ಆಗ ಬಂದವರು ಒಬ್ಬ ಥೆರಪಿಸ್ಟ್ ಮೇಡಂ. ಕಣ್ಣು, ಕಿವಿ ಎರಡೂ ಇಲ್ಲದವರ ಜೊತೆ ತುಂಬ ವರ್ಷ ಕೆಲಸ ಮಾಡಿದವರು. ಬಂದವರೇ ಏನಾದರೂ ಮಾಡಿಸುತ್ತಾರೆ ಅಂತ ನಾನು ಚಾಪೆ, ಆಟಿಕೆ ಎಲ್ಲ ಹರಡಿಟ್ಟಿದ್ದೆ. ಅವರು ಅವನ ಪಕ್ಕ ನೆಲದ ಮೇಲೆ ಕೂತು, ಅಂಗೈಯನ್ನು ಅವನ ಕೈಯ ಹತ್ತಿರ ತೆರೆದಿಟ್ಟು ಸುಮ್ನೆ ಇದ್ದುಬಿಟ್ಟರು. ಐದು ನಿಮಿಷ, ಹತ್ತು ನಿಮಿಷ. ನನಗೆ ಒಳಗೊಳಗೇ ಕಸಿವಿಸಿ. ಎಷ್ಟೋ ಹೊತ್ತಾದಮೇಲೆ ಅವನ ಕಿರುಬೆರಳು ಅವರ ಅಂಗೈ ಅಂಚಿಗೆ ಬಂತು. ಅವರೂ ತಮ್ಮ ಕಿರುಬೆರಳನ್ನು ಅಷ್ಟೇ ಅಲುಗಿಸಿದರು. ಮತ್ತೆ ಸುಮ್ಮನಾದರು. ಅವನ ಬೆರಳು ಮತ್ತೆ ಬಂತು. ಈ ಸಲ ಎರಡು ಬೆರಳು.

"ನೀವು ಇವರನ್ನು ಎತ್ತೋದಕ್ಕೆ ಮುಂಚೆ ಎಷ್ಟು ಹೊತ್ತು ಕಾಯ್ತೀರಿ?" ಅಂತ ಕೇಳಿದರು. ಕಾಯೋದಾ? ಅವನನ್ನು ಅವರು "ಇವರು" ಅಂದದ್ದೂ ನನಗೆ ಹೊಸದು. ನಮ್ಮ ಮನೆಯಲ್ಲಿ ಅವನು ಯಾವತ್ತಿಗೂ ಮಗುವೇ.

ಅವರು ಬಿಡಿಸಿ ಹೇಳಿದ್ದನ್ನು ನನ್ನ ಮಾತಲ್ಲಿ ಬರೆಯುತ್ತೇನೆ. ಕಿವಿ ಕೇಳದವರು ತುಟಿ ನೋಡಿ ಮಾತು ಹಿಡಿಯುತ್ತಾರೆ, ಕೈಸನ್ನೆ ಕಲಿಯುತ್ತಾರೆ. ನನ್ನ ತಮ್ಮನಿಗೆ ತುಟಿ ಕಾಣುವುದಿಲ್ಲ, ಬಿಗಿದ ಬೆರಳಲ್ಲಿ ಸನ್ನೆ ಮೂಡುವುದಿಲ್ಲ. ಕಣ್ಣು ಕಾಣದವರು ಕಿವಿ ಕೊಟ್ಟು, ಬೆರಳು ತಡವಿ ತಿಳಿದುಕೊಳ್ಳುತ್ತಾರೆ. ಅವನ ಕಿವಿ ಅಷ್ಟಕ್ಕಷ್ಟೆ, ಬೆರಳು ಮುಷ್ಟಿಯೊಳಗೆ. ಒಂದು ದಾರಿ ಮುಚ್ಚಿದರೆ ಬಳಸುದಾರಿ ಇರುತ್ತಲ್ಲ, ಇವನಿಗೆ ಆ ಬಳಸುದಾರಿಗೂ ಕಲ್ಲು ಬಿದ್ದಿದೆ. ಕಣ್ಣಿಗೆ ಇಷ್ಟು, ಕಿವಿಗೆ ಇಷ್ಟು ಅಂತ ಬೇರೆಬೇರೆ ಲೆಕ್ಕ ಹಾಕಿ ಕೂಡಿಸಿದರೆ ಅವನ ಕಷ್ಟ ಸಿಗುವುದಿಲ್ಲ. ಹಾಗಾಗಿ ಅವನಿಗೆ ನಾನು "ಬರುವುದು" ಇಲ್ಲವೇ ಇಲ್ಲ. ಎಲ್ಲಿಂದಲೋ ಎರಡು ಕೈ ಏಕಾಏಕಿ ಬಂದು ಕಂಕುಳಿಗೆ ತೂರುತ್ತವೆ. ಮೈ ಗಾಳಿಯಲ್ಲಿ ಮೇಲೇಳುತ್ತದೆ. ಮರುಕ್ಷಣ ಬಿಸಿನೀರು. ನಾನಾಗಿದ್ದರೂ ಕಿರುಚುತ್ತಿದ್ದೆ.

ನೆಂಟರಲ್ಲಿ ಒಬ್ಬರಾದರೂ ಈ ಮಾತು ತೆಗೆಯುತ್ತಾರೆ: "ಹೆಲೆನ್ ಕೆಲರ್ ಅಷ್ಟೆಲ್ಲ ಓದಲಿಲ್ವಾ? ನೀವು ಸರಿಯಾಗಿ ಕಲಿಸಿಲ್ಲ." ಅಮ್ಮನಿಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. ಹೆಲೆನ್ ಕೆಲರ್ 1880ರಲ್ಲಿ ಹುಟ್ಟಿ, ಕಾಯಿಲೆಗೆ ಸಿಕ್ಕಿ ಕಣ್ಣು ಕಿವಿ ಕಳೆದುಕೊಂಡದ್ದು 19 ತಿಂಗಳಾದಾಗ. ಅಷ್ಟು ಹೊತ್ತಿಗೆ ಅವರು ನೋಡಿದ್ದರು, ಕೇಳಿದ್ದರು, ಒಂದೆರಡು ಮಾತೂ ಆಡಿದ್ದರು. ಬೆರಳುಗಳು ಹೇಳಿದ ಹಾಗೆ ಕೇಳುತ್ತಿದ್ದವು. 1887ರಲ್ಲಿ ಟೀಚರ್ ಆ್ಯನ್ ಸಲಿವನ್ ಬಂದು ಅಂಗೈ ಮೇಲೆ ಅಕ್ಷರ ಮೂಡಿಸಿದಾಗ ಅದನ್ನು ಹಿಡಿದು ವಾಪಸ್ ಬರೆಯಲು ಆ ಬೆರಳುಗಳಿದ್ದವು. ಹುಟ್ಟಿನಿಂದಲೇ ಎಲ್ಲ ದಾರಿಯೂ ಕಿರಿದಾದವರನ್ನು ಅವರ ಪಕ್ಕ ನಿಲ್ಲಿಸಿ ಅಳೆಯುವುದು ಇಬ್ಬರಿಗೂ ಅನ್ಯಾಯ.

ಮೇಡಂ ಹೇಳಿದ ಹೆಸರು ಬೇರೆ. ಯಾನ್ ವಾನ್ ಡೈಕ್ ಅಂತ ನೆದರ್ಲೆಂಡ್ಸ್‌ನವರು. 1960ರ ದಶಕದಲ್ಲಿ, ಬಸುರಿಯಾಗಿದ್ದಾಗ ತಾಯಿಗೆ ರುಬೆಲ್ಲಾ ಸೋಂಕು ತಗುಲಿ ಕಣ್ಣು ಕಿವಿ ಎರಡೂ ಇಲ್ಲದೆ ಹುಟ್ಟಿದ ಮಕ್ಕಳ ಜೊತೆ ಕೆಲಸ ಮಾಡಿದವರು. ಅವರು ಹಿಡಿದ ದಾರಿ ಕೇಳಿದರೆ ತೀರಾ ಸರಳ. ಮಗು ಏನು ಮಾಡುತ್ತಿದೆಯೋ ಅದರಲ್ಲೇ ನೀವೂ ಸೇರಿ. ಅದು ತೂಗಿದರೆ ನೀವೂ ತೂಗಿ. ನಡುವೆ ನಿಲ್ಲಿಸಿ. ಕಾಯಿರಿ. "ಇನ್ನೂ ಬೇಕು" ಅಂತ ಮೈ ತಾನಾಗಿ ಒಮ್ಮೆ ಅಲುಗಿದರೆ, ಅದೇ ಮೊದಲ ಮಾತು.

ನಾನು ಎಣಿಸಲು ಶುರು ಮಾಡಿದೆ. ಭುಜ ಮುಟ್ಟಿ, ಕೈ ಅಲ್ಲೇ ಇಟ್ಟುಕೊಂಡು, ಮನಸ್ಸಲ್ಲೇ ಒಂದರಿಂದ ಹದಿನೈದು. ಓದುತ್ತಿರುವವರು ಒಮ್ಮೆ ಎಣಿಸಿ ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಐದಕ್ಕೇ ನನ್ನ ಕೈ ಕೆಲಸಕ್ಕೆ ಹೊರಟುಬಿಡುತ್ತಿತ್ತು. ಹನ್ನೊಂದು, ಹನ್ನೆರಡರ ಹತ್ತಿರ ಅವನ ಗದ್ದ ಸ್ವಲ್ಪ ಇತ್ತ ತಿರುಗುತ್ತಿತ್ತು. ಈ ಗದ್ದ ಇಪ್ಪತ್ತೇಳು ವರ್ಷದಿಂದ ಹೀಗೆ ತಿರುಗುತ್ತಿತ್ತಾ? ನಾನು ಯಾವತ್ತೂ ಹನ್ನೊಂದರವರೆಗೆ ನಿಂತೇ ಇರಲಿಲ್ಲ.

ಎರಡನೆಯದು, ಮುಂದೆ ಏನಾಗುತ್ತದೆ ಅಂತ ವಸ್ತು ಕೊಟ್ಟು ಹೇಳುವುದು. ಸ್ನಾನಕ್ಕೆ ಒದ್ದೆ ಟವೆಲಿನ ತುದಿ, ಊಟಕ್ಕೆ ಅವನದೇ ಚಮಚ, ಹೊರಗೆ ಹೋಗಲು ವೀಲ್‌ಚೇರಿನ ಬೆಲ್ಟಿನ ತುಂಡು. ಅವನ ಮುಷ್ಟಿ ಬಿಡಿಸಿ ಒಳಗೆ ತುರುಕುವ ಹಾಗಿಲ್ಲ. ನನ್ನ ಕೈಯಲ್ಲಿ ವಸ್ತು ಹಿಡಿದು, ಆ ಕೈಯನ್ನು ಅವನ ಕೈ ಕೆಳಗೆ ಇಡಬೇಕು. ಮೇಲಿರುವ ಕೈ ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದು. ನಾವು ಮೇಲಿನಿಂದ ಹಿಡಿದು ಮಾಡಿಸಿದರೆ ಅದು ಹಿಡಿತವಾಗುತ್ತದೆ, ಅವರು ಕೈಯನ್ನೇ ಕೊಡುವುದನ್ನು ಬಿಟ್ಟುಬಿಡುತ್ತಾರೆ. ಕಣ್ಣಿಲ್ಲದವರಿಗೆ ಕೈಯೇ ಕಣ್ಣು ತಾನೇ. ಯಾರಾದರೂ ನಮ್ಮ ತಲೆ ಹಿಡಿದು ತಿರುಗಿಸಿ "ಇದನ್ನ ನೋಡು" ಅಂದರೆ ಹೇಗಿರುತ್ತೆ?

ಇದನ್ನೆಲ್ಲ ಉತ್ಸಾಹದಿಂದ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಅವಳು ಪಾಪ, ಹೂಂ ಹೂಂ ಅಂದಳು. "ಅಮ್ಮ, ನೀನು ಸ್ನಾನಕ್ಕೆ ಮುಂಚೆ ಏನು ಮಾಡ್ತಿದ್ದೆ?" ಅಂದೆ. "ಏನೂ ಇಲ್ವಲ್ಲೇ. ಎತ್ತೋದು, ಹುಯ್ಯೋದು ಅಷ್ಟೇ." "ಚಿಕ್ಕಮ್ಮನ ಮೇಲೆ ಮಾಡಿ ತೋರಿಸು." ಚಿಕ್ಕಮ್ಮ ನಗುತ್ತ ಮಂಚದ ಮೇಲೆ ಮಲಗಿದಳು. ಅಮ್ಮ ವಾಕರ್ ಹಿಡಿದು ಪಕ್ಕ ಬಂದು ಕೂತಳು. ಮೊದಲು ಅಂಗೈಯನ್ನು ಎದೆ ಮೇಲೆ ಇಟ್ಟಳು, ಇಟ್ಟೇ ಇದ್ದಳು. ಆಮೇಲೆ ಹೆಗಲ ಮೇಲಿದ್ದ ಟವೆಲಿನ ಅಂಚನ್ನು ಕೆನ್ನೆಗೆ ಮುಟ್ಟಿಸಿದಳು. ಮಂಡಿ ಮೇಲೆ ಎರಡು ಸಲ ತಟ್ಟಿದಳು. ಆಮೇಲೆ ಕೈ ಕಂಕುಳಿಗೆ ಹೋಯಿತು. "ನೋಡು, ಇಷ್ಟೇ" ಅಂದಳು.

ಇಷ್ಟೇ! ಯಾರೂ ಕಲಿಸದೆ ಅವಳು ಅವನ ಜೊತೆ ಒಂದು ಭಾಷೆ ಕಟ್ಟಿಕೊಂಡಿದ್ದಳು. ಅದು ಭಾಷೆ ಅಂತ ಅವಳಿಗೇ ಗೊತ್ತಿರಲಿಲ್ಲ. ನಾನು ಬಂದು ವಾರಗಟ್ಟಲೆ ಆ ಮಾತುಗಳನ್ನೆಲ್ಲ ಕಿತ್ತುಹಾಕಿ, ಅವನು ಯಾಕೆ ಕಿರುಚುತ್ತಾನೆ ಅಂತ ತಲೆ ಕೆಡಿಸಿಕೊಂಡಿದ್ದೆ.

ಆ ಕಾಲ್ ಮುಗಿಯುವಾಗ ಕಣ್ಣಿಗೆ ಬಿದ್ದದ್ದು ಅಮ್ಮನ ಕೈ. ಬಲಗೈಯಲ್ಲಿ ಉಕ್ಕಿನ ಪಟ್ಟಿಯ ಹಳೇ ವಾಚು. ಅವಳು ಮೊದಲಿನಿಂದಲೂ ಬಲಗೈಗೇ ಕಟ್ಟುವವಳು. ನನ್ನ ಬಲ ಮಣಿಕಟ್ಟಿನ ಗೀರುಗಳನ್ನು ನೋಡಿಕೊಂಡೆ. ಅವನು ನನ್ನನ್ನು ಪರಚುತ್ತಿರಲಿಲ್ಲ. ವಾಚು ಹುಡುಕುತ್ತಿದ್ದ. ಯಾರು ಬಂದರು ಅಂತ ಕೇಳುತ್ತಿದ್ದ.

ಅಮ್ಮನ ವಾಚನ್ನು ನಾನೇ ಕಟ್ಟಿಕೊಳ್ಳಲಾ ಅಂತ ಮೇಡಂನ ಕೇಳಿದೆ. "ಬೇಡ, ಅದು ಸುಳ್ಳು ಹೇಳಿದ ಹಾಗೆ. ನಿಮ್ಮದೇ ಒಂದು ಗುರುತು ಇಟ್ಟುಕೊಳ್ಳಿ" ಅಂದರು. ದಪ್ಪ ಹತ್ತಿ ಹುರಿಗೆ ಒಂದು ಮರದ ಮಣಿ ಪೋಣಿಸಿ ಕಟ್ಟಿಕೊಂಡೆ. ಬಂದ ತಕ್ಷಣ ಅದನ್ನು ಅವನ ಕೈಗೆ ಸಿಗುವ ಹಾಗೆ ಇಡುವುದು, ಹೋಗುವಾಗಲೂ ಇಟ್ಟು ಹೋಗುವುದು. ಹೇಳದೆ ಎದ್ದು ಹೋದರೆ ಅವನ ಪಾಲಿಗೆ ನಾವು ಮಾಯವಾದ ಹಾಗೆ. ಒಂಬತ್ತು ದಿನಕ್ಕೆ ಕೆರೆಯುವುದು ನಿಂತಿತು. ಬೆರಳು ಬಂದು ಮಣಿಯನ್ನು ಒಮ್ಮೆ ಉರುಳಿಸಿ ಸುಮ್ಮನಾಗುತ್ತಿತ್ತು.

ಕಣ್ಣಿನ ವಿಷಯಕ್ಕೂ ಹೀಗೇ ಒಂದೊಂದಾಗಿ ದಾರಿ ತೆರೆಯಿತು. ಅವನಿಗೆ ಏನೂ ಕಾಣುವುದಿಲ್ಲ ಅಂತ ನಾವು ಬಿಟ್ಟುಬಿಟ್ಟಿದ್ದೆವು. ಮಿದುಳಿನಿಂದ ಬರುವ ದೃಷ್ಟಿದೋಷದಲ್ಲಿ ಬೆಳಿಗ್ಗೆ ಕಂಡದ್ದು ಸಂಜೆ ದಣಿವಾದಾಗ ಕಾಣದೆ ಹೋಗಬಹುದು. ಗಜಿಬಿಜಿ ಹೂವಿನ ಹೊದಿಕೆ ಮೇಲೆ ಇಟ್ಟ ವಸ್ತು ಅದರಲ್ಲೇ ಕರಗಿಹೋಗುತ್ತದೆ. ಬರೀ ಕಪ್ಪು ಬಟ್ಟೆ ಹಾಸಿ, ಒಂದೇ ಒಂದು ಕೆಂಪು ಬಟ್ಟಲು ಇಟ್ಟು, ಮೆಲ್ಲಗೆ ಅಲುಗಿಸಿದೆ. ಫ್ಯಾನ್ ಆರಿಸಿದೆ, ಮಾತಾಡಲಿಲ್ಲ. ನೋಡುವುದು, ಕೇಳುವುದು ಎರಡೂ ಒಟ್ಟಿಗೆ ಅವನಿಗೆ ಭಾರ. ಅವನು ಬಟ್ಟಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಮುಖ ಆಚೆ ತಿರುಗಿಸಿದ. ಇಷ್ಟವಿಲ್ಲ ಅಂದುಕೊಂಡು ತೆಗೆಯಲು ಹೋದೆ. ಅಷ್ಟರಲ್ಲಿ, ಮುಖ ಆಚೆ ಇದ್ದಂತೆಯೇ, ಕೈ ಬಟ್ಟಲಿನ ಕಡೆ ಬಂತು. ಇಂಥ ಕಣ್ಣಿರುವವರು ಮೊದಲು ನೋಡಿ, ಆಮೇಲೆ ಮುಖ ತಿರುಗಿಸಿಕೊಂಡು ಕೈ ಚಾಚುವುದುಂಟು. ನೋಡುವುದು, ಚಾಚುವುದು ಎರಡೂ ಒಂದೇ ಸಲ ಆಗುವುದಿಲ್ಲ. "ನೋಡ್ದೇ ಏನ್ ಎಳೀತೀಯೋ" ಅಂತ ಎಷ್ಟು ಸಲ ಬೈದಿದ್ದೇನೋ!

ಊಟದಲ್ಲಿ ನಾನು ಮಾಡುತ್ತಿದ್ದದ್ದು ತಪ್ಪಷ್ಟೇ ಅಲ್ಲ, ಅಪಾಯ. ಬಾಯಿಂದ ಚೆಲ್ಲಬಾರದು ಅಂತ ತಲೆಯನ್ನು ಹಿಂದಕ್ಕೆ ವಾಲಿಸಿ ಕುಡಿಸುತ್ತಿದ್ದೆ. ಹಾಗೆ ಮಾಡಿದರೆ ಶ್ವಾಸನಾಳದ ಬಾಗಿಲು ತೆರೆದು ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕೆಮ್ಮು ಬಂದರೆ ಗೊತ್ತಾಗುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಇಳಿದು ನ್ಯುಮೋನಿಯಾ ಆಗುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ನಾನು ಅವನ ಎದುರು ಅದೇ ಎತ್ತರದಲ್ಲಿ, ಒಂದು ತುತ್ತು ಪೂರ್ತಿ ನುಂಗಿದಮೇಲೆ ಇನ್ನೊಂದು. ಊಟವಾದಮೇಲೂ ಅರ್ಧ ಗಂಟೆ ಕೂತೇ ಇರಬೇಕು. ಹತ್ತು ನಿಮಿಷದ ಊಟ ಈಗ ನಲವತ್ತು ನಿಮಿಷ. ಇದನ್ನು ಮನೆಯಲ್ಲೇ ಊಹೆ ಮಾಡಿ ನಿರ್ಧರಿಸಬೇಡಿ, ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಎಲ್ಲರಿಗೂ ಒಂದೇ ಭಂಗಿ ಒಗ್ಗುವುದಿಲ್ಲ.

ಫಿಟ್ಸ್ ಬಗ್ಗೆ ಹೇಳುವುದು ಕಡಿಮೆ. ಎರಡು ಸಲ ಬಂತು. ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ತುರುಕದೆ, ಗಡಿಯಾರ ನೋಡುತ್ತ ಕೂತೆ. 5 ನಿಮಿಷ ದಾಟಿದರೆ ಆಂಬುಲೆನ್ಸ್ ಅಂತ ಗೋಡೆ ಮೇಲೆ ಬರೆದಿತ್ತು. ಎರಡು ಸಲವೂ ಅದರೊಳಗೆ ನಿಂತಿತು. ನನ್ನ ಕೈ ನಡುಕ ಮಾತ್ರ ಒಂದು ಗಂಟೆ ನಿಲ್ಲಲಿಲ್ಲ.

ಎಂಟನೇ ವಾರ ಒಂದು ಬೆಳಿಗ್ಗೆ ಎರಡು ಅಂಗಿ ಹಿಡಿದು ಕೂತೆ. ಒಂದು ನುಣುಪು, ಇನ್ನೊಂದು ಒರಟು ಬಟ್ಟೆ. ಒಂದೊಂದನ್ನೇ ಅವನ ಕೈ ಮೇಲ್ಭಾಗಕ್ಕೆ ತಾಗಿಸಿ ಎಣಿಸಿದೆ. ಒರಟು ಅಂಗಿಯನ್ನು ಕೈ ತಳ್ಳಿತು. ಅದನ್ನೇ ತಿಂಗಳುಗಟ್ಟಲೆ ತೊಡಿಸಿದ್ದೆವು, ಒಗೆದರೆ ಬೇಗ ಒಣಗುತ್ತದೆ ಅಂತ. ಎತ್ತಿ ಬೀರುವಿನ ಹಿಂದೆ ಹಾಕಿದೆ. ಮರುದಿನ ಇನ್ನೂ ಜೋರಾಗಿ ಏನೇನನ್ನೋ ತಳ್ಳಿದ. ಬೇಡ ಅಂದರೆ ನಡೆಯುತ್ತದೆ ಅಂತ ಗೊತ್ತಾದ ಮನುಷ್ಯ! ಒಂದು ವಾರ ನನಗೆ ಸಾಕುಬೇಕಾಯಿತು. ಅವನ ಎದುರು ಮಕ್ಕಳ ಪದ್ಯ ಹಾಡುವುದನ್ನು ಬಿಟ್ಟೆ. ಅವನ ತಲೆ ಮೇಲಿಂದ ನನ್ನ ಜೊತೆ "ಇವನಿಗೇನು ಗೊತ್ತಾಗುತ್ತೆ" ಅಂತ ಮಾತಾಡುವವರಿಗೆ "ಅವನನ್ನೇ ಮಾತಾಡಿಸಿ" ಅನ್ನುತ್ತಿದ್ದೆ. ಕೆಲವರು ಬರುವುದನ್ನೇ ನಿಲ್ಲಿಸಿದರು. ನಷ್ಟವೇನಿಲ್ಲ.

ನಾನು ದೊಡ್ಡ ತಾಳ್ಮೆಯವಳಾದೆ ಅಂತ ಯಾರೂ ಅಂದುಕೊಳ್ಳಬೇಡಿ. ಬೆನ್ನು ಹೋಗಿತ್ತು. ರಾತ್ರಿ ಮೂರು ಸಲ ಏಳಬೇಕು. ಒಮ್ಮೆ ಚಮಚ ಎಸೆದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ಮೇಡಂ ಬೈದಮೇಲೆ ವಾರಕ್ಕೆ ಎರಡು ಮಧ್ಯಾಹ್ನ ಒಬ್ಬ ಹುಡುಗನನ್ನು ಗೊತ್ತುಮಾಡಿಕೊಂಡೆ. ಎತ್ತಲು ಸ್ಲಿಂಗ್ ಅನ್ನುವ ಪಟ್ಟಿ ತರಿಸಿದೆ. ಅಮ್ಮ ಇಷ್ಟು ವರ್ಷ ಒಂದು ಮಧ್ಯಾಹ್ನವೂ ರಜೆ ತೆಗೆದುಕೊಂಡಿರಲಿಲ್ಲ. ಅದನ್ನು ನಾವೆಲ್ಲ ತ್ಯಾಗ ಅಂತ ಹೊಗಳಿ ಸುಮ್ಮನಿದ್ದೆವು. ಒಬ್ಬರಾದರೂ ಹೋಗಿ ಎರಡು ಗಂಟೆ ಕೂತಿದ್ದರೆ ಅವಳ ಸೊಂಟ ಉಳಿಯುತ್ತಿತ್ತೇನೋ.

ಆ ಹುಡುಗ ಬರುವ ಮುಂಚೆ ಒಂದು ಪುಸ್ತಕ ಮಾಡಿದೆವು. ಕಮ್ಯುನಿಕೇಶನ್ ಪಾಸ್‌ಪೋರ್ಟ್ ಅನ್ನುತ್ತಾರೆ. ಸ್ಕಾಟ್ಲೆಂಡ್‌ನಲ್ಲಿ 1990ರ ದಶಕದಲ್ಲಿ ಶುರುವಾದ ಪದ್ಧತಿ. ಹೊಸಬರು ಯಾರು ಬಂದರೂ ಮೊದಲು ಅದನ್ನು ಓದಬೇಕು. ಕಾಯಿಲೆಗಳ ಪಟ್ಟಿ ಅಲ್ಲ ಅದು, ಅವನೇ ಹೇಳುವ ಹಾಗೆ ಬರೆದದ್ದು. ಅಮ್ಮ ಫೋನಿನಲ್ಲಿ ಹೇಳುತ್ತ ಹೋದಳು, ನಾನು ಬರೆದುಕೊಂಡೆ. "ನನ್ನ ಬಲಗಾಲಿನ ಹೆಬ್ಬೆರಳು ಮಡಚಿದರೆ ನನಗೆ ಖುಷಿಯಾಗಿದೆ." "ಕಣ್ಣು ಮುಚ್ಚಿಕೊಂಡರೆ ನಿದ್ದೆ ಅಂತಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ." "ನೋವಾದರೆ ಮೊದಲು ಸುಮ್ಮನಾಗುತ್ತೇನೆ, ಆಮೇಲೆ ಕಿರುಚುತ್ತೇನೆ." ಹೆಬ್ಬೆರಳಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಫೋನ್ ಇಟ್ಟು ಹೋಗಿ ನೋಡಿದೆ. ಮಡಚಿತ್ತು.

ಹದಿನಾಲ್ಕನೇ ವಾರದ ಕೊನೆಗೆ ಅಮ್ಮ ಬಂದಳು. ವಾಕರ್ ಬಾಗಿಲಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು, ಅವನ ಪಕ್ಕ ಕುರ್ಚಿಯಲ್ಲಿ ಕೂತಳು. ಬಲಗೈ ಅವನ ಕೈ ಕೆಳಗೆ ಇಟ್ಟಳು. ಮೂರು ತಿಂಗಳಲ್ಲಿ ಅವಳು ಇಳಿದುಹೋಗಿದ್ದಳು, ವಾಚು ಸಡಿಲವಾಗಿ ಮೊಣಕೈ ಕಡೆಗೆ ಜಾರಿಕೊಂಡಿತ್ತು. ಅವನ ಬೆರಳು ಮಣಿಕಟ್ಟಿಗೆ ಬಂತು. ಅಲ್ಲಿ ಏನೂ ಇರಲಿಲ್ಲ. ನಿಂತಿತು.

"ಏನೋ, ಮರೆತೇಬಿಟ್ಯಾ? ನಾನು ಕಣೋ..." ಅಮ್ಮನ ದನಿ ಒಡೆಯಿತು. ವಾಚನ್ನು ಕೆಳಗೆ ಎಳೆಯಲು ಇನ್ನೊಂದು ಕೈ ತಂದಳು.

"ಸುಮ್ನಿರಮ್ಮ," ಅಂದೆ. "ಇನ್ನೂ ಏಳು."

ಎಂಟು. ಒಂಬತ್ತು. ಬೆರಳು ಮೆಲ್ಲಗೆ ಮೇಲಕ್ಕೆ ಹೊರಟಿತು.